ಏಕಾದಶಿಯ ಎರಡನೆಯ ತಟ್ಟೆ

ಮದ್ರಾಸಿನ ಪೆರಂಬೂರಿನ ರೈಲ್ವೆ ಕಚೇರಿಯಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದ ಪಂಢರಿನಾಥರಿಗೆ ಜಂಬಪಡಲು ಇದ್ದದ್ದು ಒಂದೇ ಸಂಗತಿ: ಏಕಾದಶಿ ಉಪವಾಸ ತಪ್ಪಿಸಿದವರಲ್ಲ. ಜ್ವರದಲ್ಲೂ ಇಲ್ಲ, ನೆರೆ ಬಂದು ಬೀದಿ ಮುಳುಗಿದಾಗಲೂ ಇಲ್ಲ. ನೆರೆಯ ದಿನ ಮನೆಯಲ್ಲಿ ತಿನ್ನಲು ಹೇಗೂ ಏನೂ ಇರಲಿಲ್ಲ ಎಂಬುದನ್ನು ಅವರು ಹೇಳುವುದಿಲ್ಲ, ಬಿಡಿ.

ಅವರ ಊಟದ ಕೋಣೆಯ ಗೋಡೆಯಲ್ಲಿ ಅಕ್ಕ ಮಧುರಾಳ ಫೋಟೊ ಇದೆ. ಚಿಕ್ಕ ವಯಸ್ಸಿಗೇ ತೀರಿಕೊಂಡವಳು. ಏಕಾದಶಿಯಿಂದ ಶುರುಮಾಡಿ, ಗುರುವಾರ, ಶನಿವಾರ, ಕೊನೆಗೆ ವಾರವೆಲ್ಲ ಉಪವಾಸ ಮಾಡಿದ ಹುಡುಗಿ. ನೆಂಟರು ಬಂದು ಅವಳಿಗೆ ಕೈಮುಗಿಯುತ್ತಿದ್ದರು. ಸತ್ತಾಗ, ಪುಣ್ಯವಂತೆ, ಹರಿಪಾದ ಸೇರಿದಳು ಅಂದರು. ಶಾಲೆಗೆ ಹೋಗುತ್ತಿದ್ದ ತಮ್ಮ ಅದನ್ನು ನಂಬಿದ.

ಮಗಳು ಸುಮೇಧಾ ಕಾಲೇಜು ಸೇರಿದ ವರ್ಷ ಏಕಾದಶಿ ಹಿಡಿದಾಗ ಮನೆಯಲ್ಲಿ ಸಂಭ್ರಮವೋ ಸಂಭ್ರಮ. "ಥೇಟ್ ಮಧುರಾನೇ" ಎಂದು ಚಿಕ್ಕಮ್ಮ ದೃಷ್ಟಿ ತೆಗೆದರು. ಆ ಬಾಯಿಗೆ ಯಾರಾದರೂ ಬೀಗ ಹಾಕಬೇಕಿತ್ತು. ವರ್ಷ ತುಂಬುವುದರೊಳಗೆ ಹುಡುಗಿ ಕಾಲೇಜಿನ ಮೆಟ್ಟಿಲ ಮೇಲೆ ಕುಸಿದುಬಿದ್ದಳು. ದಪ್ಪಗಾಗುವ ಭಯ ಅವಳ ತಲೆಗೆ ಹೊಕ್ಕಿತ್ತು. ವ್ರತ ಅದಕ್ಕೊಂದು ಮರೆ. ಹೃದಯ ಸೋತಿದೆ, ಇನ್ನು ಒಂದು ಹೊತ್ತೂ ಊಟ ಬಿಡಿಸಬೇಡಿ ಎಂದರು ಡಾಕ್ಟರು.

ಬಿಡಿಸಲಿಲ್ಲ. ಏಕಾದಶಿಯಂದೂ ಹೆಂಡತಿ ಲಕ್ಷ್ಮೀ ಮಗಳೊಬ್ಬಳಿಗಾಗಿ ಅನ್ನ ಮಾಡಿ ತಟ್ಟೆ ಇಡುತ್ತಿದ್ದರು. ಎದುರಿಗೆ ಗಂಡಹೆಂಡತಿ ಉಪವಾಸ ಕೂತು "ತಿನ್ನು" ಅನ್ನುತ್ತಿದ್ದರು. ಸುಮೇಧಾ ತಮಿಳಿನಲ್ಲಿ "ಪೋದುಂ", ಸಾಕು, ಎಂದು ತಟ್ಟೆ ಸರಿಸಿ ಗೋಡೆಯ ಫೋಟೊ ನೋಡುತ್ತಿದ್ದಳು.

ಪಂಢರಿನಾಥರಿಗೆ ಮಧ್ಯಾಹ್ನದ ಮಂಪರಿನಲ್ಲಿ ಬಳೆಯ ಸದ್ದು ಕೇಳತೊಡಗಿತು. ಬಡಕಲು ಕೈಯಲ್ಲಿ ಮೊಣಕೈವರೆಗೂ ಜಾರಿ ಬರುವ ಬಳೆ. ಎದ್ದು ನೋಡಿದರೆ ಯಾರೂ ಇಲ್ಲ. ಅದು ಅಕ್ಕನದೋ ಮಗಳದೋ ತಿಳಿಯುತ್ತಿರಲಿಲ್ಲ. ಅವರಿಗೆ ಭಯವಾಗುತ್ತಿತ್ತು.

ಇಂಥ ಮಕ್ಕಳ ಮನೆಯವರು ನುಂಗಂಬಾಕ್ಕಂನಲ್ಲಿ ಭಾನುವಾರ ಬೆಳಿಗ್ಗೆ ಸೇರುತ್ತಾರೆಂದು ಡಾಕ್ಟರು ಹೇಳಿದ್ದರು. ಲಕ್ಷ್ಮೀ ಗಂಡನನ್ನು ತಳ್ಳಿ ಕಳಿಸಿದರು. ಅಲ್ಲಿ ಸಭೆ ನಡೆಸುತ್ತಿದ್ದವರು ಉಡುಪಿ ಹೋಟೆಲಿನ ತುಂಗಾ. ಊರಿಗೆಲ್ಲ ಬಡಿಸುವ ಮನೆಯಲ್ಲಿ ಅವರ ಮಗಳು ವೀಕ್ಷಾ ಇದೇ ಕಾಯಿಲೆ ಬಿದ್ದು ಎದ್ದವಳು.

ತುಂಗಾ ಇಡ್ಲಿ ಮುಂದಿಟ್ಟು, "ನೀವು ಏನಾದ್ರೂ ತಿಂದಿದ್ದೀರಾ?" ಎಂದರು.

ಇಷ್ಟು ದಿನ ಎಲ್ಲರೂ ಮಗಳು ತಿಂದಳಾ ಎಂದೇ ಕೇಳಿದವರು. ಪಂಢರಿನಾಥರು ತಟ್ಟೆ ಸರಿಸಿದರು. "ಇವತ್ತು ಏಕಾದಶಿ" ಎಂದಷ್ಟೇ ಹೇಳಿದರು.

ತುಂಗಾ ಒತ್ತಾಯ ಮಾಡಲಿಲ್ಲ. ತಮ್ಮ ಮಗಳ ಮಾತು ತೆಗೆದರು. "ಮೇ ತಿಂಗಳಲ್ಲಿ ಕಂಬಳಿ ಹೊದ್ಕೊಂಡು ನಡುಗ್ತಿದ್ಳು. ತಲೆಕೂದಲೆಲ್ಲ ಉದುರಿ, ಕೈಮೇಲೆ ಮಾತ್ರ ಎಳೆಕೂಸಿನ ಹಾಗೆ ರೋಮ."

ಪಂಢರಿನಾಥರು ಕುರ್ಚಿಯ ಹಿಡಿ ಬಿಗಿಹಿಡಿದರು. ಮದ್ರಾಸಿನ ಬಿಸಿಲಲ್ಲಿ ಕಂಬಳಿ ಹೊದ್ದವಳು ಮಧುರಾ. ಆ ಎಳೆಯ ರೋಮ ಅವಳ ಕೈಮೇಲೂ ಇತ್ತು. ತಪಸ್ಸಿನ ಲಕ್ಷಣ ಎಂದಿದ್ದರು ಹಿರಿಯರು.

ಹೊರಡುವಾಗ ತುಂಗಾ ಮೆಲ್ಲಗೆ ಹೇಳಿದರು: "ಅವಳಿಗೆ ತಿನ್ನು ಅಂತ ಹೇಳಿ ನೀವು ಎದುರಿಗೆ ಉಪವಾಸ ಕೂತ್ರೆ, ಅವಳು ಯಾವುದನ್ನು ನಂಬುವುದು ಮಾರಾಯ್ರೇ?"

ಮನೆಗೆ ಬಂದಾಗ ಸುಮೇಧಾ ತಟ್ಟೆಯ ಮುಂದೆ ಕೂತಿದ್ದಳು. ಪಂಢರಿನಾಥರು ಪಕ್ಕದಲ್ಲಿ ಕೂತು, "ನನಗೂ ಬಡಿಸು" ಎಂದರು. ಲಕ್ಷ್ಮೀ ಒಮ್ಮೆ ಮುಖ ನೋಡಿದರು, ಇನ್ನೊಂದು ತಟ್ಟೆ ತಂದರು.

"ಅಪ್ಪಾ, ಇನ್ನಿಕ್ಕಿ ಏಕಾದಶಿ ದಾನೇ?" ಇವತ್ತು ಏಕಾದಶಿ ತಾನೇ ಎಂದು ಕೇಳಿದ ಮಗಳ ದನಿ ಹೆದರಿತ್ತು.

"ಹೌದು. ನಿಮ್ಮತ್ತೆ ಹೇಗೆ ಹೋದ್ಳು ಗೊತ್ತಾ?"

"ವ್ರತ ಮಾಡಿ."

"ಅಲ್ಲಮ್ಮ. ಇದೇ ಕಾಯಿಲೆ. ಹಸಿದು ಸತ್ಳು. ನಾವೆಲ್ಲ ಸುತ್ತ ನಿಂತು ಕೈಮುಗಿದ್ವಿ."

ಅವರು ಸಾರನ್ನ ಕಲಸಿ ತುತ್ತು ಬಾಯಿಗಿಟ್ಟರು. ಅದು ಇಳಿಯಲಿಲ್ಲ. ಫೋಟೊದತ್ತ ಕಣ್ಣೆತ್ತಲು ಧೈರ್ಯವಾಗಲಿಲ್ಲ. ಅಳುತ್ತಲೇ ನುಂಗಿದರು, ಇನ್ನೊಂದು ತುತ್ತು ಕಲಸಿದರು.

ಸುಮೇಧಾ ಗೋಡೆ ನೋಡುವುದನ್ನು ಬಿಟ್ಟು ಅಪ್ಪನನ್ನೇ ನೋಡುತ್ತಿದ್ದಳು. "ಮೆಲ್ಲ ಸಾಪ್ಡುಪ್ಪಾ, ನಿಧಾನವಾಗಿ ತಿನ್ನು" ಎಂದಳು.

ಬಹಳ ಹೊತ್ತಾದ ಮೇಲೆ ಪಕ್ಕದ ತಟ್ಟೆಯ ಮೇಲೆ ಬಳೆಯ ಸದ್ದಾಯಿತು. ಈ ಸಲ ಅದು ಯಾರದೆಂದು ಅವರಿಗೆ ಗೊತ್ತಿತ್ತು.