ಮುಚ್ಚಲು ಏಳು ದಿನಗಳ ಸೂಚನೆ

ಜೂನ್ ಹದಿನಾಲ್ಕು, ಶುಕ್ರವಾರ. ದಕ್ಷಿಣಾರ್ಧಗೋಳದ ಆ ಊರಿಗೆ ಅದು ಚಳಿಗಾಲ. ಬೆಳಿಗ್ಗೆ ಹುಲ್ಲಿನ ಮೇಲೆ ಇಬ್ಬನಿ ಹೆಪ್ಪುಗಟ್ಟಿ ಬೆಳ್ಳಗಿತ್ತು. ಹತ್ತರ ಹೊತ್ತಿಗೆ ಕರಗಿತು. ಗಾಳಿ ಇರಲಿಲ್ಲ.

ಹನ್ನೊಂದಕ್ಕೆ ಸರಿಯಾಗಿ ನೆರಿಡಾ ಟಾಲ್‌ಹರ್ಸ್ಟ್ ವಾರಾಬೆಲ್ ಪಬ್ಬಿನ ಬಾಗಿಲು ತೆರೆದಳು. ಗಂಡ ಕ್ಲೆಮ್ ಮಂಗಳವಾರ ತೀರಿಕೊಂಡಿದ್ದ. ಮಣ್ಣು ಮಾಡುವುದು ಈ ಶುಕ್ರವಾರವೇ, ಹನ್ನೆರಡಕ್ಕೆ.

ನೂರೈವತ್ತು ವರ್ಷದ ಕಲ್ಲುಕಟ್ಟಡ ಅದು. ಕಿರಿದಾದ ಮೆಟ್ಟಿಲು, ಒಂದೇ ಬಾಗಿಲು. ಹೊಸದಾಗಿ ಅರ್ಜಿ ಹಾಕಿದರೆ ಯಾರೂ ಅನುಮತಿ ಕೊಡುವಂಥದ್ದಲ್ಲ. ಹಳೆಯ ಪಬ್ಬುಗಳನ್ನು ಉಳಿಸಲೆಂದು ಕೊಡುವ ವಿಶೇಷ ಲೈಸೆನ್ಸೇ ಅದರ ಜೀವ. ಷರತ್ತುಗಳಿದ್ದವು: ದಿನವೂ ಹನ್ನೊಂದರಿಂದ ಆರರವರೆಗೆ ತೆರೆದಿರಬೇಕು, ಲೈಸೆನ್ಸಿನಲ್ಲಿ ಹೆಸರಿದ್ದವರೇ ಕೌಂಟರಿನ ಹಿಂದೆ ನಿಲ್ಲಬೇಕು, ಮುಚ್ಚುವುದಾದರೆ ಏಳು ದಿನ ಮೊದಲು ತಿಳಿಸಬೇಕು. ಹೆಸರುಗಳು ಎರಡಿದ್ದವು, ಮಂಗಳವಾರದಿಂದ ಒಂದು. ಹಿಂದಿನ ಚಳಿಗಾಲ ಕ್ಲೆಮ್‌ನನ್ನು ಆಸ್ಪತ್ರೆಗೆ ಒಯ್ದಾಗ ಎರಡು ದಿನ ಮುಚ್ಚಿದ್ದಕ್ಕೆ ಎಚ್ಚರಿಕೆಯ ಪತ್ರ ಬಂದಿತ್ತು. ಇನ್ನೊಮ್ಮೆ ಆದರೆ ಲೈಸೆನ್ಸು ರದ್ದು. ಬುಧವಾರ ಫೋನು ಮಾಡಿದಾಗ ಕಚೇರಿಯವರು ಸಂತಾಪ ಹೇಳಿ, ನಿಯಮವನ್ನೇ ಓದಿದರು.

ಹಿಂದೆ ಕುರಿಗಳ ಉಣ್ಣೆ ಕತ್ತರಿಸುತ್ತಿದ್ದ ಮುದುಕ ಆಸ್ಸಿ ಪ್ರೆವಿಟ್ ಕೋಟು ಹಾಕಿಕೊಂಡು ಬಂದ.

"ಕ್ಲೆಮ್‌ಗೆ ಬುದ್ಧಿ ಇರಲಿಲ್ಲ. ಹೋದ ವಾರಾನೇ ಹೇಳಿ ಸಾಯ್ಬಾರ್ದಾ?"

"ಅವನು ಯಾವತ್ತು ಹೇಳಿ ಮಾಡಿದಾನೆ?" ಎಂದಳು ನೆರಿಡಾ.

"ನೀನು ಹೋಗಮ್ಮ. ಇಲ್ಲಿ ನಾನ್ ನಿಂತ್ಕೋತೀನಿ."

"ನಿನ್ನ ಹೆಸರಿಲ್ಲ ಆಸ್ಸಿ. ಆಮೇಲೆ ಇದ್ದ ಬಿಯರನ್ನೆಲ್ಲ ನೀನೇ ಕುಡೀತೀಯ."

ಅವನು ನಗಲಿಲ್ಲ.

ಆ ಊರಿನಲ್ಲಿ ಶವದ ವಾಹನ ಪಬ್ಬಿನ ಎದುರು ನಿಲ್ಲುವುದು ವಾಡಿಕೆ. ಗಂಡಸರು ಒಳಗೆ ಒಂದೊಂದು ಗ್ಲಾಸು ನಿಂತೇ ಕುಡಿದು, ಸತ್ತವನ ಪಾಲಿನದನ್ನು ಕೌಂಟರಿನ ಮೇಲೆ ಬಿಟ್ಟು, ವಾಹನದ ಹಿಂದೆ ನಡೆಯುತ್ತಾರೆ. ನೆರಿಡಾ ಹತ್ತೊಂಬತ್ತು ಗ್ಲಾಸು ತುಂಬಿದಳು, ಕ್ಲೆಮ್‌ನದು ಸೇರಿ. ತೆರೆದ ಬಾಗಿಲಿನಿಂದ ವಾಹನದ ಹಿಂಭಾಗ ಮಾತ್ರ ಕಾಣುತ್ತಿತ್ತು. ಅದು ಹೊರಟಿತು. ಅವಳು ಹದಿನೆಂಟು ಗ್ಲಾಸು ತೊಳೆದಳು.

ಹನ್ನೆರಡೂಕಾಲಿಗೆ ಒಬ್ಬ ಲಾರಿ ಚಾಲಕ ಬಂದು ಮಾಂಸದ ಪೈ ಕೇಳಿದ.

"ಏನಮ್ಮ, ಊರಲ್ಲಿ ಯಾರೂ ಇಲ್ವಾ?"

"ಮಣ್ಣಿಗೆ ಹೋಗಿದಾರೆ."

"ಯಾರ್ದು?"

"ಇಲ್ಲಿನೋರದೇ. ಸಾಸ್ ಬೇಕಾ?"

ಬೇಕೆಂದ. ತಿಂದು, ಒಳ್ಳೆಯ ಹಳೇ ಜಾಗ ಎಂದು ಹೇಳಿ ಹೋದ. ಆರು ಗಂಟೆಗೆ ಅವಳು ಬಾಗಿಲು ಹಾಕಿ ಟಾರ್ಚು ತೆಗೆದುಕೊಂಡು ಸ್ಮಶಾನಕ್ಕೆ ನಡೆದಳು. ಮಣ್ಣು ಮುಚ್ಚಿಯಾಗಿತ್ತು. ಸ್ವಲ್ಪ ಹೊತ್ತು ನಿಂತು ಹಿಂದಿರುಗಿದಳು.

ಆ ದಿನದ ಖರ್ಚು: ಪೆಟ್ಟಿಗೆ ಮತ್ತು ವಾಹನಕ್ಕೆ ನಾಲ್ಕು ಸಾವಿರದ ಇನ್ನೂರು ಡಾಲರ್, ಪಾದ್ರಿಗೆ ಇನ್ನೂರು, ಮಣ್ಣಿಗೆ ಬಂದವರ ಊಟದ ಹ್ಯಾಮು, ಬ್ರೆಡ್ಡಿಗೆ ತೊಂಬತ್ತಾರು, ಲೈಸೆನ್ಸಿನಿಂದ ಕ್ಲೆಮ್‌ನ ಹೆಸರು ತೆಗೆಸುವ ಅರ್ಜಿಗೆ ಮೂವತ್ತೆಂಟು.