ಹಗ್ಗಕ್ಕೆ ಎರಡು ತುದಿ

ಮೊಮ್ಮಗಳ ಬಾಸ್ಕೆಟ್‌ಬಾಲ್ ಆಟ ನೋಡಲು ಹರಿಹರದಿಂದ ದಾವಣಗೆರೆಗೆ ಅವರ ತಂಡದ ಜೊತೆಗೇ ಬಸ್ಸಿನಲ್ಲಿ ಹೋದೆ. ತಂಡದಲ್ಲಿ ಐದೇ ಹುಡುಗಿಯರು. ಉಳಿದವರಿಗೆ ಪರೀಕ್ಷೆಯಂತೆ.

ದಾರಿಯಲ್ಲಿ ಅವಳು ನಿಯಮ ಹೇಳಿದಳು. "ಶುರು ಮಾಡೋಕೆ ಐದು ಮಂದಿ ಬೇಕಜ್ಜಿ. ಐದು ಫೌಲ್ ಮಾಡಿದಾಕಿ ಹೊರಗೆ. ಮಂದಿ ಕಡಿಮೆಯಾದ್ರೂ ಆಟ ನಡೀತೈತೆ. ಒಬ್ಬಾಕಿನೇ ಉಳಿದ್ರೆ ಮುಗೀತು, ಎಷ್ಟು ಮುಂದಿದ್ರೂ ಸೋತಂಗೆ."

"ಇಬ್ಬರಿದ್ರೆ?"

"ಇಬ್ಬರಿದ್ರೆ ಆಟ ಐತೆ."

ಇದು ನನಗೆ ಹೊಸದೇನಲ್ಲ. ನಾಟಿಯ ಸಾಲಿಗೆ ಹಗ್ಗ ಹಿಡಿಯುತ್ತೇವೆ. ಈ ಬದುವಿನಲ್ಲಿ ಒಬ್ಬಳು, ಆ ಬದುವಿನಲ್ಲಿ ಒಬ್ಬಳು. ನಡುವಿನವರು ಎದ್ದು ಹೋದರೂ ಸಾಲು ಕೆಡುವುದಿಲ್ಲ. ಒಬ್ಬಳೇ ಉಳಿದರೆ ಹಗ್ಗ ನೀರಿಗೆ ಬೀಳುತ್ತದೆ.

ಹೋದ ಸಲ ಮಂದಿಯಿಲ್ಲದೆ ಇವರ ಆಟ ನಡುವೆಯೇ ನಿಂತಿತ್ತು. ಕಾಲೇಜಿನಲ್ಲಿ 'ಅರ್ಧ ಆಟದವರು' ಎಂದು ಕಾಡುತ್ತಿದ್ದರು. "ಸೋತ್ರೂ ಚಿಂತಿಲ್ಲ, ಕೊನೇ ಸೀಟಿ ತನಕ ಆಡಬೇಕು" ಎಂದಳು. ಕಿಟಕಿಗೆ ಹೇಳಿದ ಹಾಗಿತ್ತು.

ಮಡಿಲಲ್ಲಿ ಮಂಡಕ್ಕಿ ಇಟ್ಟುಕೊಂಡು ಅಂಗಳದ ಪಕ್ಕ ಕೂತೆ. ಇಳಿಬಿಸಿಲು. ಚೆಂಡಿನ ಸದ್ದು ಒಂದೇ ಸಮನೆ ಬಡಿದು ಕಣ್ಣು ಎಳೆಯುತ್ತಿತ್ತು. ಸಿಮೆಂಟಿನ ನೆಲ ನೀರು ಕಟ್ಟಿದ ಗದ್ದೆಯ ಹಾಗೆ ಹೊಳೆಯಿತು. ಹುಡುಗಿಯರು ಬೆಳ್ಳಕ್ಕಿಗಳ ಹಾಗೆ ಒಮ್ಮೆ ಆ ಕಡೆ, ಒಮ್ಮೆ ಈ ಕಡೆ. ಎಚ್ಚರವಿದ್ದೆನೋ ನಿದ್ದೆಯೋ ತಿಳಿಯದು.

ಕಣ್ಣು ಬಿಟ್ಟಾಗ ಒಬ್ಬಳು ಕಾಲು ಉಳುಕಿ ಬೆಂಚಿನಲ್ಲಿದ್ದಳು. ಇನ್ನಿಬ್ಬರು ಐದು ಫೌಲ್ ಮಾಡಿ ಹೊರಗೆ ಬಂದಿದ್ದರು. ಅಂಗಳದಲ್ಲಿ ನಮ್ಮವಳು, ಮತ್ತೊಬ್ಬಳು, ಎದುರಿಗೆ ಐವರು. ನಮ್ಮವಳದೂ ನಾಲ್ಕು ಫೌಲ್ ಆಗಿತ್ತು. ಆದರೂ ನಾವೇ ಒಂದು ಅಂಕ ಮುಂದೆ.

ಟೈಮ್‌ಔಟ್ ಎಂದು ಆಟ ನಿಲ್ಲಿಸಿದರು. ನಾನು ಎದ್ದು ಎದುರು ತಂಡದ ಕೋಚ್ ಹತ್ತಿರ ಹೋದೆ.

"ಸರ, ನಿಮ್ಮ ಉಳಿದ ಹುಡುಗೇರು ಬೆಂಚಿನ ಮ್ಯಾಲೆ ಸುಮ್ಮನೆ ಕುಂತಾರೆ. ನಾಟಿಗೆ ಕೊಟ್ಟಂಗೆ ಒಬ್ಬಾಕಿನ ಮುಯ್ಯಾಳು ಕೊಡ್ರಿ. ನಿಮಗೆ ಕಡಿಮೆ ಬಿದ್ದ ದಿನ ನಮ್ಮಾಕಿ ಬರ್ತಾಳೆ."

ಅವನು ಬಾಯಿ ಬಿಟ್ಟು ನೋಡಿದ. ರೆಫರಿ ಓಡಿ ಬಂದ. "ಅಜ್ಜಿ, ಇಲ್ಲಿ ಮುಯ್ಯಿ ನಡೆಯಲ್ಲ. ಕೂಡ್ರಿ."

"ಐವರ ಮುಂದೆ ಇಬ್ಬರು ನಡೀತೈತಾ?"

"ಅದು ನಡೀತೈತೆ."

"ಹೆಂಥಾ ಊರಪ್ಪ" ಎಂದು ಬಂದು ಕೂತೆ. ಮೊಮ್ಮಗಳು ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡಿದ್ದಳು, ನಾಚಿಕೆಯೋ ನಗುವೋ.

ದೀಪ ಹತ್ತಿದವು. ಆಟ ಮುಗಿಯಲು ಕೆಲವೇ ಕ್ಷಣ, ಆ ಒಂದು ಅಂಕ ಇನ್ನೂ ನಮ್ಮದೇ. ಎದುರಿನ ಉದ್ದ ಜಡೆಯವಳು ಚೆಂಡು ಹಿಡಿದು ನೇರ ಬುಟ್ಟಿಯ ಕಡೆ ನುಗ್ಗಿದಳು. ಅಡ್ಡ ನಿಂತವಳು ನಮ್ಮವಳು. ಕೈ ಬೀಸಿದರೆ ಚೆಂಡು ಸಿಕ್ಕೀತು. ಜಡೆಯವಳ ಕೈಗೆ ತಾಗಿದರೆ ಐದನೇ ಫೌಲ್, ಆಮೇಲೆ ಅಂಗಳದಲ್ಲಿ ಒಬ್ಬಳೇ. ನನ್ನ ಕಣ್ಣಿಗೆ ಎಲ್ಲವೂ ನೀರೊಳಗಿನ ಹಾಗೆ ನಿಧಾನವಾಯಿತು. ನಮ್ಮವಳ ಕೈ ಏಳುವುದು ಕಂಡಿತು.

"ಮುಟ್ಟಬ್ಯಾಡ!" ಕೂಗಿದೆನೋ ಇಲ್ಲವೋ. ಗಂಟಲು ಮಾತ್ರ ಉರಿಯಿತು.

ಅವಳು ಕೈ ಬೆನ್ನ ಹಿಂದೆ ಕಟ್ಟಿಕೊಂಡಳು. ಚೆಂಡು ಸದ್ದಿಲ್ಲದೆ ಬಲೆಗೆ ಇಳಿಯಿತು, ಕೆಸರಿಗೆ ಸಸಿ ಇಳಿದ ಹಾಗೆ. ಕೊನೆಯ ಸೀಟಿ ಆಯಿತು.

"ಸೋತ್ರಿ" ಎಂದೆ.

"ಪೂರ್ತಿ ಆಡಿ ಸೋತ್ವಿ" ಎಂದು ನನ್ನ ಮಂಡಕ್ಕಿಗೆ ಕೈ ಹಾಕಿದಳು.

ಎದುರು ತಂಡದ ಕೋಚ್ ಬಂದು ನಕ್ಕ. "ಅಜ್ಜಿ, ಮುಂದಿನ ಸಲ ಈಕಿನ ನಮಗೆ ಮುಯ್ಯಾಳು ಕೊಡ್ರಿ."

"ನೀನು ಕೊಟ್ಯಾ?" ಎಂದೆ.