ಮೆಂತೆ ಕೀಳಲು ಅಪ್ಪಣೆ

ಕಲಬುರಗಿ ಕಡೆಯಿಂದ ಬೆಂಗಳೂರಿಗೆ ಬಂದ ಹೊಸತರಲ್ಲಿ ನಾನು ಕಾಕ್ಸ್ ಟೌನಿನ ಒಂದು ಸೈಟು ಕಾಯುತ್ತಿದ್ದೆ. ಹಳೇ ಮನೆ ಕೆಡವಿದ್ದರು, ಫ್ಲ್ಯಾಟು ಕಟ್ಟಲು ಅಪ್ಪಣೆ ಇನ್ನೂ ಬಂದಿರಲಿಲ್ಲ. ಖಾಲಿ ಮಣ್ಣು ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ಮೂಲೆಯಲ್ಲಿ ಮೆಂತೆ ಹಾಕಿದ್ದೆ.

ಒಂದು ದಿನ ಪಾಲಿಕೆಯಿಂದ ತನಿಖೆಗೆ ಬಂದ ಸಾಹೇಬರು ಮೆಂತೆಯ ಮಡಿ ನೋಡಿ ಕೆರಳಿದರು. “ಅಪ್ಪಣೆ ಬರೋ ತನಕ ಇಲ್ಲಿ ಮಣ್ಣು ಕದಲಿಸ್ಬಾರ್ದು ಅಂತ ರೂಲ್ಸಿದೆ ಕಣಮ್ಮ. ಓನರಿಗೆ ನೋಟಿಸ್ ಕೊಡ್ತೀನಿ.”

ನೋಟಿಸ್ ಬಂದರೆ ಮೊದಲು ಹೋಗುವುದು ನನ್ನ ಕೆಲಸ. “ಮೆಂತೆ ಪಲ್ಯ ಅದರೀ ಯಪ್ಪಾ, ಬಿಲ್ಡಿಂಗ್ ಅಲ್ಲ,” ಎಂದೆ.

ಅವರು ಕೈಲಿದ್ದ ಕಾಗದ ತಿರುವಿದರು. “ಬೇಸಾಯ ಆದ್ರೆ ಪರವಾಗಿಲ್ಲ. ಆದ್ರೆ ಗಿಡ ಬೇರು ಸಮೇತ ಕಿತ್ರೆ ಮಣ್ಣು ಕದಲಿಸಿದ ಹಾಗೇನೆ. ಬೆಳ್ಕೊಳ್ಳಿ, ಕೀಳ್ಬೇಡಿ.”

“ಕೀಳದೆ ಹ್ಯಾಂಗ್ ತಿನ್ನೋದ್ರೀ? ಬಗ್ಗಿ ಮೇಯಾಕ ನಾನೇನ್ ಎಮ್ಮೀ ಏನ್ರೀ?”

ಸಾಹೇಬರು ನಗು ತಡೆದುಕೊಂಡರು. ಕಾಂಪೌಂಡಿನ ಬಳಿ ಹೆಗ್ಗಣ ತೋಡಿದ್ದ ದೊಡ್ಡ ಬಿಲ ತೋರಿಸಿ ಕೇಳಿದೆ, “ಇದಕ್ಕ ಯಾರ ಅಪ್ಪಣೆ ಅದರೀ?”

“ಪ್ರಾಣಿಗಳು ಮಾಡಿದ್ದು ಲೆಕ್ಕಕ್ಕಿಲ್ಲಮ್ಮ,” ಎಂದು ಹೊರಟರು.

ಯಾರೇ ಕೇಳಲಿ, ಅಪ್ಪಣೆ ಬರುವವರೆಗೂ ನಮ್ಮ ಮೆಂತೆ ಕಿತ್ತದ್ದು ಹೆಗ್ಗಣವೇ. ತೊಳೆದು ರೊಟ್ಟಿಯ ಜೊತೆ ತಿಂದದ್ದಷ್ಟೇ ನಾನು.